ಹಾಡು ಮುಗಿದ ಮೇಲಿನ ನಾಲ್ಕು ಸೆಕೆಂಡು

"ಡಬ್ಬಿಗೆ ರೇಟಿದೆ ಸಾರ್, ಒಳಗಿನ ರೀಲಿಗಿಲ್ಲ."

ನಾಯಂಡಹಳ್ಳಿಯ ಒಂದು ಗುಜರಿ ಅಂಗಡಿಯಲ್ಲಿ ಕೇಳಿದ ಮಾತಿದು. ಮೈಸೂರು ರಸ್ತೆಯಿಂದ ಸ್ವಲ್ಪ ಒಳಕ್ಕೆ ಹೋದರೆ ಸಾಲುಸಾಲು ಪ್ಲಾಸ್ಟಿಕ್ ಗೋಡೌನ್‌ಗಳು. ಇಡೀ ಬೆಂಗಳೂರು ಬಿಸಾಕಿದ ಬಕೆಟ್ಟು, ಬಾಟಲು, ಮುರಿದ ಕುರ್ಚಿ ಇಲ್ಲಿಗೆ ಬರುತ್ತವೆ. ಬಣ್ಣ, ಜಾತಿ ನೋಡಿ ಬೇರೆ ಮಾಡಿ, ಪುಡಿ ಮಾಡಿ ಮತ್ತೆ ಮಾರುತ್ತಾರೆ. ಆ ಭಾನುವಾರ ನಾನು ಹೋದಾಗ ಅಲ್ಲೊಬ್ಬ ಹುಡುಗ ಹಳೇ ಆಡಿಯೋ ಕ್ಯಾಸೆಟ್‌ಗಳನ್ನು ಸುತ್ತಿಗೆಯಲ್ಲಿ ಒಡೆದು, ಡಬ್ಬಿ ಒಂದು ಚೀಲಕ್ಕೆ, ಕಂದು ಬಣ್ಣದ ರೀಲು ಇನ್ನೊಂದು ಚೀಲಕ್ಕೆ ಹಾಕುತ್ತಿದ್ದ. ರೀಲಿನ ಚೀಲ ಏನಾಗುತ್ತೆ ಅಂತ ಕೇಳಿದೆ. ಅಂಗಡಿಯವರು ಕಸದ ರಾಶಿ ಕಡೆ ಕೈ ತೋರಿಸಿದರು.

ಅಂದರೆ ಪ್ಲಾಸ್ಟಿಕ್‌ಗೆ ಬೆಲೆ ಇದೆ. ಅದು ಯಾವುದಕ್ಕೋಸ್ಕರ ಹುಟ್ಟಿತೋ ಆ ದನಿಗೆ ಇಲ್ಲ.

ಒಡೆಯದೇ ಉಳಿದಿದ್ದ ನಲವತ್ತು ಚಿಲ್ಲರೆ ಕ್ಯಾಸೆಟ್‌ಗಳನ್ನು ತೂಕಕ್ಕೆ ಹಾಕಿಸಿ ತಂದೆ. ಕಂಪನಿ ಕ್ಯಾಸೆಟ್ ಅಲ್ಲ, ಮನೆಯಲ್ಲಿ ರೇಡಿಯೋದಿಂದ ರೆಕಾರ್ಡ್ ಮಾಡಿಕೊಂಡವು. "ಅವುಗಳಲ್ಲಿರೋ ಹಾಡು ಫೋನಲ್ಲೇ ಸಿಗುತ್ತಲ್ಲ" ಅಂತ ಮನೆಯಲ್ಲಿ ಬೈಸಿಕೊಂಡೆ. ನಿಜ, ಹಾಡು ಸಿಗುತ್ತೆ. ನನಗೆ ಬೇಕಾಗಿದ್ದು ಹಾಡಲ್ಲ, ಹಾಡಿನ ಮುಂದೆ, ಹಿಂದೆ ಇರೋದು. ಸ್ಟೇಷನ್ನಿನ ಜಿಂಗಲ್!

ನಿಮ್ಮಲ್ಲಿ ಯಾರಾದರೂ ಟು-ಇನ್-ಒನ್‌ನಲ್ಲಿ ಹಾಡು ಹಿಡಿದಿದ್ದರೆ ನೆನಪಿರುತ್ತೆ. ರೆಕಾರ್ಡ್ ಮತ್ತು ಪ್ಲೇ ಎರಡೂ ಬಟನ್ ಒಟ್ಟಿಗೆ ಒತ್ತಬೇಕು. ಹಾಡು ಮುಗಿಯೋದಕ್ಕೇ ಕಾದು ಪಾಸ್ ಒತ್ತಬೇಕು. ಜಾಹೀರಾತು, ಜಿಂಗಲ್ ಬಂದರೆ ಕ್ಯಾಸೆಟ್ ಕೆಟ್ಟಿತು ಅಂತಲೇ ಲೆಕ್ಕ. ಆದರೆ ಬೆರಳು ಒಮ್ಮೊಮ್ಮೆ ತಡವಾಗುತ್ತಿತ್ತು. ಆ ತಡದಲ್ಲಿ ಮೂರೋ ನಾಲ್ಕೋ ಸೆಕೆಂಡು ಸ್ಟೇಷನ್ನಿನ ಹೆಸರು ಟೇಪಿಗೆ ಬಿದ್ದುಬಿಡುತ್ತಿತ್ತು. ಇವತ್ತು ಬೆಂಗಳೂರಿನ ಹಳೇ ರೇಡಿಯೋ ಜಿಂಗಲ್‌ಗಳು ಎಲ್ಲಾದರೂ ಉಳಿದಿದ್ದರೆ ಬಹುಪಾಲು ಇಂಥ ಸೋಮಾರಿ ಬೆರಳುಗಳ ದಯೆಯಿಂದ.

ಸರಿ, ಈ ಜಿಂಗಲ್ ಅಂದರೇನು? ಯಾಕೆ ಬೇಕು? ಟಿವಿಗೆ ಮೂಲೆಯಲ್ಲಿ ಲೋಗೋ ಇದೆ. ಪತ್ರಿಕೆಗೆ ಮೇಲೆ ಹೆಸರಿದೆ. ರೇಡಿಯೋಗೆ? ಮುಳ್ಳು ತಿರುಗಿಸುತ್ತಾ ಹೋದರೆ ಗರಗರ ಸದ್ದಿನ ನಡುವೆ ಏನೋ ಕೇಳಿಸುತ್ತೆ. ಅದು ಯಾರದು ಅಂತ ಅದೇ ಹೇಳಬೇಕು. ಅದೂ ಕಿವಿಗೆ ಮಾತ್ರ. ಹಾಗಾಗಿ ಪ್ರಪಂಚದ ರೇಡಿಯೋಗಳೆಲ್ಲ ಒಂದೊಂದು ಸ್ವರದ ಸಹಿ ಇಟ್ಟುಕೊಂಡವು. ಜರ್ಮನಿಯ ಡಾಯ್ಚ ವೆಲ್ಲೆ ಬೀಥೋವನ್‌ನ 'ಫಿಡೇಲಿಯೋ' ಒಪೆರಾದ ಒಂದು ತುಣುಕನ್ನು ಮತ್ತೆ ಮತ್ತೆ ನುಡಿಸುತ್ತಿತ್ತು. ಕಾರ್ಯಕ್ರಮ ಶುರುವಾಗೋ ಮುಂಚೆ ಕೆಲವು ನಿಮಿಷ ಅದೇ ತುಣುಕು. ಕೇಳುಗ ಅಷ್ಟರಲ್ಲಿ ಮುಳ್ಳನ್ನು ಸರಿಯಾಗಿ ಕೂರಿಸಿಕೊಳ್ಳಬೇಕು. ಅದು ಅಲಂಕಾರ ಅಲ್ಲ, ಶುದ್ಧ ಎಂಜಿನಿಯರಿಂಗ್.

ನಮ್ಮ ಆಕಾಶವಾಣಿಯದ್ದೂ ಹಾಗೆಯೇ. ಬೆಳಗ್ಗೆ ಪ್ರಸಾರ ಶುರುವಾಗುವ ಮುಂಚೆ ತಂಬೂರಿ ಶ್ರುತಿಯ ಮೇಲೆ ಪಿಟೀಲು ನುಡಿಯುವ ಆ ರಾಗ ಯಾರಿಗೆ ಗೊತ್ತಿಲ್ಲ? ನಮ್ಮ ಮನೆಯಲ್ಲಿ ಅಪ್ಪ ಏಳೋದಕ್ಕೆ ಅಲಾರಂ ಇರಲಿಲ್ಲ, ಅದೇ ಇತ್ತು. ಶಿವರಂಜನಿಯ ಛಾಯೆಯ ಆ ಟ್ಯೂನ್ ಮಾಡಿದವರು ವಾಲ್ಟರ್ ಕೌಫ್‌ಮನ್. ಹೆಸರು ಕೇಳಿದರೇ ಗೊತ್ತಾಗುತ್ತೆ, ಭಾರತದವರಲ್ಲ. 1907ರಲ್ಲಿ ಈಗಿನ ಜೆಕ್ ದೇಶದ ಕಾರ್ಲ್ಸ್‌ಬಾದ್‌ನಲ್ಲಿ ಹುಟ್ಟಿದ ಯಹೂದಿ. ಹಿಟ್ಲರ್ ಕಾಲದಲ್ಲಿ ಯುರೋಪ್ ಬಿಟ್ಟು 1934ರಲ್ಲಿ ಬೊಂಬಾಯಿಗೆ ಬಂದವರು. ಅಲ್ಲಿನ ರೇಡಿಯೋದಲ್ಲಿ ಸಂಗೀತ ವಿಭಾಗ ನೋಡಿಕೊಂಡವರು. ಊರು ಕಳೆದುಕೊಂಡ ಒಬ್ಬ ಮನುಷ್ಯ ಇಡೀ ಒಂದು ದೇಶವನ್ನು ಬೆಳಗ್ಗೆ ಎಬ್ಬಿಸಿದ. ಎಷ್ಟು ಜನಕ್ಕೆ ಅವರ ಹೆಸರು ಗೊತ್ತು ಹೇಳಿ?

ಇನ್ನು 'ಆಕಾಶವಾಣಿ' ಅನ್ನೋ ಹೆಸರು. ಇದು ನಮ್ಮ ಮೈಸೂರಿಂದು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತಿದ್ದ ಎಂ. ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ಮನೆಯಲ್ಲೇ ರೇಡಿಯೋ ಸ್ಟೇಷನ್ ಶುರು ಮಾಡಿದರು. ಟ್ರಾನ್ಸ್‌ಮಿಟರ್ ಎಷ್ಟು ಶಕ್ತಿಯದ್ದು ಗೊತ್ತಾ? 30 ವಾಟ್! ನಿಮ್ಮ ಮನೆಯ ಹಳೇ ಕಾಲದ ಟ್ಯೂಬ್‌ಲೈಟ್ ಇದಕ್ಕಿಂತ ಹೆಚ್ಚು ಕರೆಂಟ್ ತಿನ್ನುತ್ತಿತ್ತು. 'ಆಲ್ ಇಂಡಿಯಾ ರೇಡಿಯೋ' ಅನ್ನೋ ಹೆಸರು ಹುಟ್ಟಿದ್ದು 1936ರ ಜೂನ್‌ನಲ್ಲಿ. ಅಂದರೆ ನಮ್ಮ ಆಕಾಶವಾಣಿಯೇ ಹಿರಿಯಣ್ಣ. ಮುಂದೆ 1950ರ ದಶಕದಲ್ಲಿ ಕೇಂದ್ರ ಸರ್ಕಾರವೂ ಆ ಹೆಸರನ್ನೇ ಒಪ್ಪಿಕೊಂಡಿತು. 2023ರ ಮೇ ತಿಂಗಳಲ್ಲಿ ಇನ್ನೊಂದು ಆದೇಶ ಬಂತು. ಇನ್ಮುಂದೆ ಎಲ್ಲ ಕಡೆ 'ಆಕಾಶವಾಣಿ' ಅಂತಲೇ ಹೇಳಬೇಕು, 'ಆಲ್ ಇಂಡಿಯಾ ರೇಡಿಯೋ' ಬೇಡ ಅಂತ. ಕನ್ನಡದವರಿಗೆ ಹೆಮ್ಮೆಯ ವಿಷಯವೇ. ಆದರೆ ಸಂಗ್ರಾಹಕನ ಕಣ್ಣಿಂದ ನೋಡಿದರೆ ಇನ್ನೊಂದು ಸಂಗತಿ ಇದೆ. 'ದಿಸ್ ಈಸ್ ಆಲ್ ಇಂಡಿಯಾ ರೇಡಿಯೋ' ಅನ್ನೋ ಆ ಗಂಭೀರ ದನಿ ಆ ದಿನದಿಂದ ಹಳೇ ವಸ್ತು ಆಯಿತು. ಇನ್ನು ಅದು ಹುಟ್ಟಲ್ಲ. ಇದ್ದದ್ದನ್ನು ಉಳಿಸಿಕೊಳ್ಳೋದು ಮಾತ್ರ.

ಈ ಜಿಂಗಲ್ ಸಂಗ್ರಹದ ಹುಚ್ಚು ನನಗೆ ಹಿಡಿಸಿದ್ದು ಎಂಜಿನಿಯರಿಂಗ್ ಓದುವಾಗಿನ ಒಬ್ಬ ಗೆಳೆಯ. ಅವನೂ ನಾಯಂಡಹಳ್ಳಿಯವನೇ. ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ನಾವೆಲ್ಲ ಔಟ್‌ಪುಟ್ ಬಂದರೆ ಸಾಕಪ್ಪಾ ಅಂತ ಇದ್ದರೆ, ಅವನು ಹಳೇ ಟೇಪ್‌ರೆಕಾರ್ಡರ್ ಬೆಲ್ಟ್ ಬದಲಾಯಿಸ್ತಾ ಕೂರೋನು. ಅವನೇ ಹೇಳಿದ್ದು, ಅಮೆರಿಕದಲ್ಲಿ ಇದು ದೊಡ್ಡ ಹವ್ಯಾಸ ಅಂತ. ಡಲ್ಲಾಸ್ ಊರಿನ ಪ್ಯಾಮ್ಸ್ ಅನ್ನೋ ಕಂಪನಿ ಒಂದೇ ಟ್ಯೂನನ್ನು ಹತ್ತಾರು ಊರುಗಳ ರೇಡಿಯೋಗಳಿಗೆ ಮಾರುತ್ತಿತ್ತು. ವಾದ್ಯ ಅದೇ, ಸ್ವರ ಅದೇ. ಹಾಡುವವರು ಸ್ಟೇಷನ್ ಹೆಸರನ್ನಷ್ಟೇ ಬದಲಿಸಿ ಹಾಡುತ್ತಿದ್ದರು. ನಮ್ಮಲ್ಲಿ ಮದುವೆ ವಿಡಿಯೋಗೆ ಹೆಸರು ಮಾತ್ರ ಬದಲಾಯಿಸಲ್ವಾ, ಹಾಗೆ! 1964ರ ಕೊನೆಯಲ್ಲಿ ಇಂಗ್ಲೆಂಡ್ ಕರಾವಳಿಯಾಚೆ ಹಡಗಿನಲ್ಲಿ ಶುರುವಾದ 'ರೇಡಿಯೋ ಲಂಡನ್' ಅನ್ನೋ ಪೈರೇಟ್ ಸ್ಟೇಷನ್ ಆ ಜಿಂಗಲ್ ತಂದು ಬಳಸಿತು. ಸರ್ಕಾರ ಕಾನೂನು ತಂದು ಪೈರೇಟ್ ರೇಡಿಯೋಗಳ ಬಾಯಿ ಮುಚ್ಚಿಸಿತು. ಆಮೇಲೆ 1967ರ ಸೆಪ್ಟೆಂಬರ್ 30ರಂದು ಬಿಬಿಸಿ ತನ್ನದೇ 'ರೇಡಿಯೋ 1' ಶುರು ಮಾಡಿದಾಗ ಜಿಂಗಲ್ ಎಲ್ಲಿಂದ ತಂತು? ಅದೇ ಪ್ಯಾಮ್ಸ್‌ನಿಂದ! ಕಳ್ಳ ಅಂದವನ ಅಂಗಿಯನ್ನೇ ಪೊಲೀಸ್ ಹಾಕಿಕೊಂಡ ಹಾಗೆ. ಜಿಂಗಲ್‌ಗಳನ್ನು ಪಕ್ಕಪಕ್ಕ ಇಟ್ಟು ಕೇಳಿದವರಿಗೆ ಮಾತ್ರ ಇಂಥ ಕಥೆ ಕಿವಿಗೆ ಬೀಳುತ್ತೆ.

ಇದೇ ಕೆಲಸ ಬೆಂಗಳೂರಿಗೂ ಮಾಡಬಹುದು. ಯಾಕೆಂದರೆ ದೇಶದ ಮೊದಲ ಖಾಸಗಿ ಎಫ್‌ಎಂ ಹುಟ್ಟಿದ್ದೇ ನಮ್ಮೂರಲ್ಲಿ. 2001ರ ಜುಲೈ 3, ರೇಡಿಯೋ ಸಿಟಿ. ನಾನಾಗ ಹೈಸ್ಕೂಲು. ಅದುವರೆಗೆ ರೇಡಿಯೋ ಅಂದರೆ 612 ಕಿಲೋಹರ್ಟ್ಸ್‌ನ ಆಕಾಶವಾಣಿ, ವಿವಿಧ ಭಾರತಿ. ಮಧ್ಯಮ ತರಂಗದಲ್ಲಿ ಒಂದು ಸ್ಟೇಷನ್ನಿಗೂ ಇನ್ನೊಂದಕ್ಕೂ 9 ಕಿಲೋಹರ್ಟ್ಸ್ ಅಷ್ಟೇ ಅಂತರ. ಹಾಗಾಗಿ ಸುಮಾರು 5 ಕಿಲೋಹರ್ಟ್ಸ್‌ಗಿಂತ ಮೇಲಿನ ಸ್ವರ ನಮ್ಮ ಕಿವಿ ತನಕ ಬರುತ್ತಲೇ ಇರಲಿಲ್ಲ. ಪಿಟೀಲು, ವೀಣೆ, ಮನುಷ್ಯನ ದನಿ ಅಲ್ಲಿ ಚೆನ್ನಾಗಿ ನಿಲ್ಲುತ್ತವೆ, ತಾಳದ ಝಣತ್ಕಾರ ನಿಲ್ಲಲ್ಲ. ಎಫ್‌ಎಂನಲ್ಲಿ 15 ಕಿಲೋಹರ್ಟ್ಸ್ ತನಕ ಜಾಗ. ಎಫ್‌ಎಂ ಜಿಂಗಲ್‌ಗಳಲ್ಲಿ ಥಳಥಳ ಅನ್ನೋ ಸದ್ದು, ಎದೆ ಗುದ್ದೋ ಬೇಸ್ ಬಂದದ್ದು ಅದಕ್ಕೇ. ಸಂಗೀತಗಾರರ ರುಚಿ ಬದಲಾಯಿತು ಅನ್ನೋದಕ್ಕಿಂತ ಪೈಪು ದೊಡ್ಡದಾಯಿತು ಅನ್ನೋದು ಸರಿ.

ಮೊದಲ ಸುತ್ತಿನ ಎಫ್‌ಎಂ ಲೈಸೆನ್ಸ್ ಶುಲ್ಕ ಪ್ರತಿ ವರ್ಷ ಶೇಕಡಾ 15 ಏರುತ್ತಿತ್ತು. ಅದನ್ನು ಕಟ್ಟಿ ಉಳಿಯೋದೇ ಕಷ್ಟ. ಹಾಗಾಗಿ ಬೆಂಗಳೂರಲ್ಲಿ ಸುಮಾರು ಐದು ವರ್ಷ ಖಾಸಗಿ ಎಫ್‌ಎಂ ಅಂದರೆ ಅದೊಂದೇ. ಎರಡನೇ ಸುತ್ತಿನಲ್ಲಿ ಆದಾಯದ ಶೇಕಡಾ 4ರಷ್ಟು ಕೊಟ್ಟರೆ ಸಾಕು ಅಂದರು. 2006-07ರಲ್ಲಿ ಮಿರ್ಚಿ, ಬಿಗ್, ಎಸ್ ಎಫ್‌ಎಂ, ಇಂಡಿಗೋ, ರೇಡಿಯೋ ಒನ್, ಫೀವರ್ ಎಲ್ಲ ದಬದಬ ಬಂದವು. ಎಸ್ ಎಫ್‌ಎಂ ಮುಂದೆ ರೆಡ್ ಎಫ್‌ಎಂ ಆಯಿತು. ಹೆಸರು ಬದಲಾದಾಗ ಜಿಂಗಲ್ಲೂ ಸತ್ತು ಹೊಸದು ಹುಟ್ಟುತ್ತೆ.

ಈಗ ಗುಜರಿಯಿಂದ ತಂದ ಕ್ಯಾಸೆಟ್‌ಗೆ ಬರೋಣ. ಲೇಬಲ್ ಹರಿದಿದೆ, ದಿನಾಂಕ ಇಲ್ಲ. ಯಾವ ವರ್ಷದ್ದು ಅಂತ ಹೇಗೆ ಹೇಳೋದು? ಪತ್ತೇದಾರಿ ಕೆಲಸ. ಜಿಂಗಲ್‌ನಲ್ಲಿ 'ತೊಂಬತ್ತೊಂದು' ಅಂತಿದೆಯೋ 'ತೊಂಬತ್ತೊಂದು ಪಾಯಿಂಟ್ ಒಂದು' ಅಂತಿದೆಯೋ? ರೇಡಿಯೋ ಸಿಟಿ ಮೊದಲು 91, ಆಮೇಲೆ 91.1. ಪಕ್ಕದ ಜಾಹೀರಾತಲ್ಲಿ ಫೋನ್ ನಂಬರ್ ಏಳಂಕಿಯೋ ಎಂಟಂಕಿಯೋ? ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಲ್ಯಾಂಡ್‌ಲೈನ್ ನಂಬರ್‌ಗಳ ಶುರುವಿಗೆ ಒಂದು 2 ಸೇರಿತು. ಇನ್ನು ಆ ಹಾಡಿನ ಸಿನಿಮಾ ಯಾವುದು? 'ಮುಂಗಾರು ಮಳೆ' ಹಾಡು ಇದ್ದರೆ ಆ ಟೇಪು 2006ರ ಕೊನೆಗಿಂತ ಮುಂಚಿನದ್ದು ಆಗೋ ಸಾಧ್ಯತೆ ಕಡಿಮೆ. ಇಂಥ ಮೂರು ಸುಳಿವು ಸೇರಿದರೆ ಒಂದೆರಡು ವರ್ಷದ ಅಂತರದಲ್ಲಿ ಕಾಲ ಹೇಳಿಬಿಡಬಹುದು.

ಹೋಲಿಸೋದು ಇನ್ನೂ ಸೂಕ್ಷ್ಮ. ಎರಡು ಟೇಪಲ್ಲಿ ಒಂದೇ ಜಿಂಗಲ್ ಇದೆ, ಆದರೆ ಒಂದರಲ್ಲಿ ಶ್ರುತಿ ಕೆಳಗಿದೆ. ಸ್ಟೇಷನ್ನಿನವರು ಹೊಸದಾಗಿ ಹಾಡಿಸಿದ್ರಾ? ಅಥವಾ ಟೇಪ್ ನಿಧಾನ ಓಡ್ತಿದೆಯಾ? ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಬೆಲ್ಟ್ ಸಡಿಲ ಆದರೆ ಓಡಲ್ಲ. ವೇಗ ಶೇಕಡಾ 6ರಷ್ಟು ತಪ್ಪಿದರೆ ಹಾರ್ಮೋನಿಯಂನ ಒಂದು ಮನೆಯಷ್ಟು ಶ್ರುತಿ ಜಾರುತ್ತೆ. ನಾನು ನನ್ನ ಎಂಜಿನಿಯರಿಂಗ್ ಬುದ್ಧಿ ಓಡಿಸಿದೆ. ಟೇಪಲ್ಲಿ ಕರೆಂಟಿನ ಗುಂಯ್ ಅನ್ನೋ ಸದ್ದು ಸೇರಿರುತ್ತಲ್ಲ, ಅದು 50 ಹರ್ಟ್ಸ್ ಇರಬೇಕು. ಅಳೆದು ನೋಡಿದರೆ ಆಯಿತು ಅಂದೆ. ಗೆಳೆಯ ನಕ್ಕ. "ಲೋ, ಆಗಿನ ನಮ್ಮ ಗ್ರಿಡ್ಡೇ 50ರಲ್ಲಿ ನೆಟ್ಟಗೆ ನಿಲ್ತಿರಲಿಲ್ಲ. ನೀನು ಕೆಇಬಿನ ನಂಬ್ಕೊಂಡು ಸಂಶೋಧನೆ ಮಾಡ್ತೀಯಾ?" ಅಂದ. ಸರಿಯಾದ ದಾರಿ ಅವನೇ ತೋರಿಸಿದ. ಅದೇ ಟೇಪಲ್ಲಿ ಇರೋ ಸಿನಿಮಾ ಹಾಡನ್ನೇ ಅಳತೆಗೋಲು ಮಾಡ್ಕೋ. ಸಿಡಿಯಲ್ಲಿ ಆ ಹಾಡು 270 ಸೆಕೆಂಡು ಇದ್ದು, ಟೇಪಲ್ಲಿ 278 ಸೆಕೆಂಡು ಆದರೆ ಟೇಪು ಶೇಕಡಾ 3 ನಿಧಾನ. ಅಷ್ಟು ಸರಿ ಮಾಡಿದ ಮೇಲೆ ಜಿಂಗಲ್ ಕೇಳು. ಆಮೇಲೂ ವ್ಯತ್ಯಾಸ ಉಳಿದರೆ ಅದು ನಿಜವಾದ ವ್ಯತ್ಯಾಸ.

ಇಷ್ಟೆಲ್ಲ ಮಾಡಿ ಸಿಕ್ಕಿದ್ದೇನು ಅಂತ ಕೇಳ್ತೀರಿ. ಹೇಳ್ತೀನಿ. ಆ ಕ್ಯಾಸೆಟ್‌ಗಳನ್ನು ಕಾಲದ ಪ್ರಕಾರ ಜೋಡಿಸಿ ಕೇಳಿದಾಗ ನಮಗೆ ಕೇಳಿಸಿದ್ದು ಬೆಂಗಳೂರಿನ ಭಾಷೆಯ ಜಗಳ. ಶುರುವಿನ ಖಾಸಗಿ ಎಫ್‌ಎಂನಲ್ಲಿ ಹಿಂದಿ, ಇಂಗ್ಲಿಷಿನದ್ದೇ ಅಬ್ಬರ. ನಮ್ಮ ಟೇಪುಗಳ ಜಿಂಗಲ್‌ಗಳಲ್ಲೂ ಅದೇ ವರಸೆ, ಕನ್ನಡ ಊಟದೆಲೆ ತುದಿಯ ಉಪ್ಪಿನಷ್ಟು. 'ಬೆಂಗಳೂರಲ್ಲಿ ಕನ್ನಡ ಹಾಡು ಯಾರು ಕೇಳ್ತಾರೆ' ಅನ್ನೋ ಮಾತು ಆಗ ಸಲೀಸಾಗಿ ಓಡಾಡುತ್ತಿತ್ತು. ಆಮೇಲೆ ಸ್ಪರ್ಧೆ ಬಂತು. ಕನ್ನಡ ಹಾಡುಗಳು ಮನೆಮನೆಯಲ್ಲಿ ಮೊಳಗಿದವು. 'ಇಟ್ಸ್ ಹಾಟ್' ಅಂತ ಬೇರೆ ಊರಲ್ಲಿ ಕೂಗುತ್ತಿದ್ದ ಮಿರ್ಚಿ ನಮ್ಮೂರಲ್ಲಿ 'ಸಖತ್ ಹಾಟ್ ಮಗಾ' ಅಂತು! ಆ 'ಮಗಾ' ಇದೆಯಲ್ಲ, ಅದು ಅನುವಾದ ಅಲ್ಲ. ಯಾವ ನಿಘಂಟು ನೋಡಿಯೂ ಬರೆಯೋಕಾಗಲ್ಲ. ಅದು ನಾಯಂಡಹಳ್ಳಿ ಬಸ್‌ಸ್ಟಾಪಲ್ಲಿ ನಿಂತ ಹುಡುಗರ ಬಾಯಿಂದಲೇ ಬರಬೇಕು. ಮಾರುಕಟ್ಟೆ ಯಾವಾಗ ನಿಮ್ಮ ಬೀದಿಯ ಮಾತು ಕಲಿಯುತ್ತೋ ಆಗ ನಿಮ್ಮ ಲೆಕ್ಕ ಅದಕ್ಕೆ ಸಿಕ್ಕಿದೆ ಅಂತ ಅರ್ಥ. ಈ ಬದಲಾವಣೆಗೆ ಸಾಕ್ಷಿ ಯಾವ ಸರ್ಕಾರಿ ಫೈಲಲ್ಲೂ ಇಲ್ಲ. ಈ ನಾಲ್ಕು ಸೆಕೆಂಡುಗಳಲ್ಲಿದೆ.

ಕಳೆದುಹೋದದ್ದೂ ಇದೆ. ವರ್ಲ್ಡ್‌ಸ್ಪೇಸ್ ನೆನಪಿದೆಯಾ? ಉಪಗ್ರಹ ರೇಡಿಯೋ. ಪುಟ್ಟ ಆಂಟೆನಾ ಕಿಟಕಿ ಹತ್ತಿರ ಇಟ್ಟು ಕೇಳಬೇಕಿತ್ತು. ಅದರ ಭಾರತದ ಮುಖ್ಯ ಕಚೇರಿ ಬೆಂಗಳೂರಲ್ಲೇ ಇತ್ತು. 'ಸ್ಪರ್ಶ' ಅಂತ ಕನ್ನಡಕ್ಕೇ ಒಂದು ಚಾನೆಲ್. ಅದರ ಸಿಗ್ನೇಚರ್ ಟ್ಯೂನ್ ಎ. ಆರ್. ರೆಹಮಾನ್ ಮಾಡಿಕೊಟ್ಟಿದ್ದರು. 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಎಲ್ಲ ಬಂದ್. ರೆಹಮಾನ್ ಹೆಸರಿದ್ದದ್ದಕ್ಕೆ ಆ ಟ್ಯೂನ್ ಹುಡುಕಿದರೆ ಸಿಗುತ್ತೆ. ಆದರೆ 'ಸ್ಪರ್ಶ'ದಲ್ಲಿ ಕನ್ನಡದಲ್ಲಿ ಮಾತಾಡಿದ ದನಿಗಳು? ನಮ್ಮ ನಲವತ್ತು ಕ್ಯಾಸೆಟ್‌ನಲ್ಲಿ ಒಂದೂ ಸಿಗಲಿಲ್ಲ.

ಸ್ಟೇಷನ್ನಿನವರೇ ಇಟ್ಟುಕೊಂಡಿರಲ್ವಾ ಅಂತೀರಾ? ನಾನು ಟಿವಿಯವನು, ನಮ್ಮ ಕಥೆ ಹೇಳ್ತೀನಿ ಕೇಳಿ. ಚಾನೆಲ್‌ಗಳು ಪ್ರಸಾರ ಮಾಡಿದ್ದನ್ನು 90 ದಿನ ಇಟ್ಟುಕೊಂಡಿರಬೇಕು ಅಂತ ನಿಯಮ ಇದೆ. ತೊಂಬತ್ತೊಂದನೇ ದಿನ? ಯಾರಿಗೂ ಬಾಧ್ಯತೆ ಇಲ್ಲ. ಸುದ್ದಿಯ ಕ್ಲಿಪ್ ಆದರೆ ಮತ್ತೆ ಬೇಕಾಗುತ್ತೆ ಅಂತ ಯಾರೋ ತೆಗೆದಿಡ್ತಾರೆ. ಬ್ರೇಕಿಂಗ್ ನ್ಯೂಸ್ ಅಂದಾಗ ಬರೋ ಆ ಢಾಂ ಸದ್ದನ್ನು ಯಾರು ತೆಗೆದಿಡ್ತಾರೆ? ನಾನು ಮೊದಲು ಕೆಲಸ ಮಾಡಿದ ಕಡೆ ನಾವು ದಿನಕ್ಕೆ ನೂರು ಸಲ ಬಾರಿಸುತ್ತಿದ್ದ ಸದ್ದು ಈಗ ಅಲ್ಲೂ ಇಲ್ಲ, ನನ್ನ ಹತ್ತಿರವೂ ಇಲ್ಲ. ಖಾಸಗಿ ಎಫ್‌ಎಂಗೆ ಸ್ವಂತ ಸುದ್ದಿ ಓದೋ ಅನುಮತಿಯೂ ಇಲ್ಲ, ಆಕಾಶವಾಣಿಯ ಸುದ್ದಿಯನ್ನೇ ಹಾಕಬೇಕು. ಹಾಗಿದ್ದಮೇಲೆ ಅವರದ್ದೇ ಅಂತ ಉಳಿಯೋದು ಜಾಕಿ ಮಾತು, ಜಿಂಗಲ್ ಎರಡೇ. ಎರಡನ್ನೂ ಗಾಳಿಗೆ ಬಿಟ್ಟಾಯಿತು.

ಒಂದು ಮಾತು, ಇದೆಲ್ಲ ಕಾನೂನು ಪ್ರಕಾರ ತಪ್ಪಲ್ವಾ ಅಂತ ಕೇಳೋರು ಇದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆ ಪ್ರಕಾರ ಧ್ವನಿಮುದ್ರಣದ ಹಕ್ಕು 60 ವರ್ಷ, ಪ್ರಸಾರದ ಹಕ್ಕು 25 ವರ್ಷ. ಆದರೆ ಪ್ರಸಾರವನ್ನು ಸ್ವಂತಕ್ಕೆ, ಪಾಠಕ್ಕೆ, ಸಂಶೋಧನೆಗೆ ಅಂತ ರೆಕಾರ್ಡ್ ಮಾಡಿಕೊಳ್ಳೋದಕ್ಕೆ ಅದೇ ಕಾಯಿದೆ ಅವಕಾಶ ಕೊಟ್ಟಿದೆ. ಮಾರಬೇಡಿ, ಎಲ್ಲ ಕಡೆ ಹಂಚಬೇಡಿ. ಉಳಿಸಿಕೊಳ್ಳೋದಕ್ಕೆ ಹೆದರಬೇಡಿ.

2024ರ ಜುಲೈನಲ್ಲಿ ನನಗೆ ಇದೆಲ್ಲ ಇನ್ನಷ್ಟು ಗಟ್ಟಿಯಾಗಿ ತಟ್ಟಿತು. ಅಪರ್ಣಾ ಅವರು ಜುಲೈ 11ರಂದು ತೀರಿಕೊಂಡರು. ಚಂದನ ವಾಹಿನಿಯಿಂದ ಹಿಡಿದು ಸಾವಿರಾರು ವೇದಿಕೆ ತನಕ ಅಚ್ಚಕನ್ನಡದ ದನಿ. ನಮ್ಮ ಮೆಟ್ರೋದಲ್ಲಿ ಕನ್ನಡದಲ್ಲಿ ನಿಲ್ದಾಣದ ಹೆಸರು ಹೇಳುತ್ತಿದ್ದವರು ಅವರೇ. ಮರುದಿನ ನಾಯಂಡಹಳ್ಳಿ ಸ್ಟೇಷನ್‌ನಲ್ಲಿ ರೈಲು ಹತ್ತಿದೆ. ಎಂದಿನಂತೆ ಟಿಂಗ್ ಅನ್ನೋ ಸದ್ದು, ಆಮೇಲೆ ಆ ದನಿ. ದಿನಾ ಕೇಳಿಸಿಕೊಳ್ಳದೇ ಕೇಳ್ತಿದ್ದ ದನಿ. ಅವತ್ತು ಫೋನ್ ಕೆಳಗಿಟ್ಟು ಕೇಳಿದೆ. ಎದುರಿಗೆ ಕೂತಿದ್ದ ಹೆಂಗಸೊಬ್ಬರು ಸ್ಪೀಕರ್ ಇರೋ ಕಡೆ ತಲೆ ಎತ್ತಿ ನೋಡುತ್ತಿದ್ದರು.

ಲಂಡನ್‌ನ ಎಂಬ್ಯಾಂಕ್‌ಮೆಂಟ್ ಸ್ಟೇಷನ್‌ನಲ್ಲಿ 'ಮೈಂಡ್ ದ ಗ್ಯಾಪ್' ಅನ್ನೋ ಹಳೇ ದನಿಯೊಂದಿತ್ತು. ನಟ ಆಸ್ವಾಲ್ಡ್ ಲಾರೆನ್ಸ್ ಅವರದ್ದು. ಅವರು ತೀರಿಕೊಂಡ ಮೇಲೆ ಹೆಂಡತಿ ಆ ಪ್ಲಾಟ್‌ಫಾರ್ಮಿಗೆ ಬಂದು ಕೂತು ಗಂಡನ ದನಿ ಕೇಳಿ ಹೋಗುತ್ತಿದ್ದರು. ವ್ಯವಸ್ಥೆ ಬದಲಾಗಿ ದನಿ ನಿಂತಾಗ ಆಕೆ ಕೇಳಿಕೊಂಡರು, 2013ರಲ್ಲಿ ಅದನ್ನು ಮತ್ತೆ ಹಾಕಿದರು. ಹಾಕೋದಕ್ಕೆ ಆದದ್ದು ಯಾಕೆ? ಯಾರೋ ಇಟ್ಟಿದ್ದರು. ಅಷ್ಟೇ.

ಅದಕ್ಕೇ ನನ್ನದೊಂದು ಕೋರಿಕೆ. ನಿಮ್ಮ ಅಟ್ಟದ ಮೇಲೆ ಕ್ಯಾಸೆಟ್ ಡಬ್ಬ ಇದ್ದರೆ ಗುಜರಿಗೆ ಹಾಕೋ ಮುಂಚೆ ಒಂದು ಸಲ ಓಡಿಸಿ. ಬೂಸ್ಟು ಹಿಡಿದಿದ್ದರೆ ಅವಸರದಲ್ಲಿ ಹಾಕಬೇಡಿ, ಮೊದಲು ಗೊತ್ತಿದ್ದವರಿಗೆ ತೋರಿಸಿ. ಪ್ಲೇಯರ್‌ನ ಹೆಡ್‌ಫೋನ್ ಸಂದಿನಿಂದ ಕಂಪ್ಯೂಟರ್‌ಗೆ ಒಂದು ವೈರ್ ಸಾಕು. ಎಂಪಿ3 ಬೇಡ, ವೇವ್ ಫೈಲ್ ಮಾಡಿ. ಗರಗರ ಸದ್ದು ತೆಗೆಯೋಕೆ ಹೋಗಬೇಡಿ, ಅದರ ಜೊತೆ ಸುಳಿವೂ ಹೋಗುತ್ತೆ. ಯಾರ ಮನೆಯದ್ದು, ಸುಮಾರು ಯಾವ ವರ್ಷ ಅಂತ ಒಂದು ಚೀಟಿ ಬರೆದಿಡಿ.

ನಮ್ಮ ನಲವತ್ತರಲ್ಲಿ ಒಂದು ಕ್ಯಾಸೆಟ್ ಇದೆ. ಯಾರೋ ರೇಡಿಯೋ ಎದುರು ಟೇಪ್‌ರೆಕಾರ್ಡರ್ ಇಟ್ಟು ಅದರ ಮೈಕ್‌ನಲ್ಲೇ ಹಿಡಿದಿದ್ದಾರೆ. ಹಾಡು ಮುಗಿಯುತ್ತೆ, ಜಿಂಗಲ್ ಬರುತ್ತೆ, ಅದರ ಹಿಂದೆಯೇ ದೂರದಿಂದ ಒಬ್ಬ ಹೆಂಗಸಿನ ದನಿ, "ಆಯ್ತಲ್ಲ ಹಾಡು, ಬಾ, ಅನ್ನ ಆರೋಗ್ತಿದೆ." ಟಕ್ ಅಂತ ಬಟನ್ ಸದ್ದು. ಯಾರ ಮನೆಯೋ, ಯಾರ ತಾಯಿಯೋ. ಆ ಮನೆಯವರಿಗೆ ಈ ದನಿ ಹೀಗೊಂದು ಕಡೆ ಉಳಿದಿದೆ ಅಂತಲೇ ಗೊತ್ತಿರಲಿಕ್ಕಿಲ್ಲ.

ನಿಮ್ಮ ಕ್ಯಾಸೆಟ್ ಕೇಳುವಾಗ, ಹಾಡು ಮುಗಿದ ತಕ್ಷಣ ಆಫ್ ಮಾಡಬೇಡಿ. ಇನ್ನೂ ಸ್ವಲ್ಪ ಹೊತ್ತು ಓಡಲಿ.